ಪುಟ್ಟ ಹಡಗಿಗೂ ಬೆನ್ನೆಲುಬು ಬೇಕು: ಮರದ ಮಾದರಿ ಹಡಗು ಕಟ್ಟುವ ಬಗೆ

ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಹಾಯಿಹಡಗಿನ ಮಾದರಿಯನ್ನು ನೋಡಿದವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇದನ್ನು ಹೇಗೆ ಕೆತ್ತಿದರು?’ ಆದರೆ ಒಳ್ಳೆಯ ಮಾದರಿಗಳಲ್ಲಿ ಬಹಳಷ್ಟನ್ನು ಕೆತ್ತಿರುವುದೇ ಇಲ್ಲ. ನಿಜವಾದ ಹಡಗನ್ನು ಕಟ್ಟುವ ಹಾಗೆಯೇ ಅಡಿಯಿಂದ ಕಟ್ಟಿರುತ್ತಾರೆ. ಮೊದಲು ಬೆನ್ನೆಲುಬು, ಆಮೇಲೆ ಪಕ್ಕೆಲುಬು, ಅದರ ಮೇಲೆ ಚರ್ಮದ ಹಾಗೆ ಹಲಗೆ, ಕೊನೆಗೆ ಕಂಬ ಮತ್ತು ಹಗ್ಗ.

ಹೊಸದಾಗಿ ಈ ಕೆಲಸಕ್ಕೆ ಬರುವವರು ತಮ್ಮ ಕೈಚಳಕ ಸಾಲದು ಅಂತ ಹೆದರುತ್ತಾರೆ. ಅದು ಅಷ್ಟು ದೊಡ್ಡ ತೊಡಕಲ್ಲ. ಗರಗಸ ಹಿಡಿಯುವುದು, ಉಜ್ಜುವುದು, ಅಂಟು ಹಾಕುವುದು ಮಾಡುತ್ತಾ ಮಾಡುತ್ತಾ ಬರುತ್ತದೆ. ಮೊದಲು ತಲೆಗೆ ಹತ್ತಬೇಕಾದ ವಿಷಯ ಬೇರೆ ಇದೆ. ಹಡಗಿನ ಮೈಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಾಗಿದೆ. ಮರದ ಅಂಗಡಿಯಲ್ಲಿ ಸಿಗುವುದು ಮಾತ್ರ ಚಪ್ಪಟೆ ಹಲಗೆ. ಚಪ್ಪಟೆಯಾದದ್ದರಿಂದ ಬಾಗಿದ ಮೈಯನ್ನು ತರುವುದು ಹೇಗೆ? ಇಡೀ ಕೆಲಸ ಇರುವುದು ಈ ಒಂದು ಪ್ರಶ್ನೆಯಲ್ಲೇ.

## ‘ಸ್ಕ್ರ್ಯಾಚ್’ ಅಂದರೆ ಎಲ್ಲಿಂದ?

ಮಾದರಿ ಹಡಗು ಕಟ್ಟುವವರಲ್ಲಿ ಎರಡು ದಾರಿ ಇವೆ. ಒಂದು ಕಿಟ್. ಡಬ್ಬಿಯೊಳಗೆ ಭಾಗಗಳೆಲ್ಲ ಕತ್ತರಿಸಿ ಬಂದಿರುತ್ತವೆ, ಸೂಚನೆ ನೋಡಿ ಜೋಡಿಸಬೇಕು. ಇನ್ನೊಂದು ಸ್ಕ್ರ್ಯಾಚ್, ಅಂದರೆ ಬರಿಗೈಯಿಂದ ಶುರು. ಕೈಯಲ್ಲಿ ಇರುವುದು ನಕ್ಷೆ ಮತ್ತು ಮರ, ಅಷ್ಟೇ. ಪ್ರತಿಯೊಂದು ಪಕ್ಕೆಲುಬು, ಹಲಗೆ, ರಾಟೆ, ಕೆಲವರ ಕೈಯಲ್ಲಿ ಹಗ್ಗ ಕೂಡ, ಕಟ್ಟುವವರೇ ಮಾಡಬೇಕು.

ಇದರ ಲಾಭ ಏನು? ಕಿಟ್ ತಯಾರಕರು ಆರಿಸಿದ ಹಡಗಿಗೆ ನೀವು ಕಟ್ಟುಬೀಳಬೇಕಿಲ್ಲ. ನಕ್ಷೆ ಸಿಗುವ ಯಾವ ಹಡಗನ್ನಾದರೂ, ಬೇಕಾದ ಅಳತೆಯಲ್ಲಿ ಕಟ್ಟಬಹುದು. ಒಂದು ಭಾಗ ಕೆಟ್ಟರೆ ಇನ್ನೊಂದು ಮಾಡಿಕೊಂಡರಾಯಿತು, ಯಾಕೆಂದರೆ ಮೊದಲನೆಯದನ್ನು ಮಾಡಿದ್ದೂ ನೀವೇ. ನನ್ನ ಮಟ್ಟಿಗೆ ಈ ಕೊನೆಯ ಮಾತೇ ದೊಡ್ಡ ಸಮಾಧಾನ.

## ಅಳತೆಯ ಲೆಕ್ಕ

1:48 ಅಂದರೆ ನಿಜವಾದ ಹಡಗಿನ 48 ಸೆಂಟಿಮೀಟರ್ ಮಾದರಿಯಲ್ಲಿ 1 ಸೆಂಟಿಮೀಟರ್ ಆಗುತ್ತದೆ. 48 ಎಂಬ ಸಂಖ್ಯೆ ಸುಮ್ನೆ ಬಂದದ್ದಲ್ಲ. ಹಳೆಯ ಇಂಗ್ಲಿಷ್ ನಕ್ಷೆಗಳಲ್ಲಿ ಒಂದು ಅಡಿಯನ್ನು ಕಾಲು ಇಂಚಿನಲ್ಲಿ ಬರೆಯುತ್ತಿದ್ದರು. ಒಂದು ಅಡಿಗೆ 12 ಇಂಚು, ಕಾಲು ಇಂಚಿನಂತೆ ಎಣಿಸಿದರೆ 48. ಇದರ ಜೊತೆಗೆ 1:64, 1:72, 1:96 ಕೂಡ ಬಳಕೆಯಲ್ಲಿವೆ.

ಒಂದು ಉದಾಹರಣೆ ನೋಡೋಣ. 1765ರಲ್ಲಿ ನೀರಿಗಿಳಿದ, ಈಗಲೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿರುವ ಎಚ್‌ಎಂಎಸ್ ವಿಕ್ಟರಿ ಯುದ್ಧನೌಕೆಯ ಒಟ್ಟು ಉದ್ದ ಸುಮಾರು 69 ಮೀಟರ್. 1:48ರಲ್ಲಿ ಅದು 1.44 ಮೀಟರ್ ಆಗುತ್ತದೆ. ಒಂದು ದೊಡ್ಡ ಮೇಜು ಬೇಕು. 1:96ರಲ್ಲಿ 72 ಸೆಂಟಿಮೀಟರ್, ಕಪಾಟಿನಲ್ಲಿ ಇಡಬಹುದು. ಹಾಗಾದರೆ ಚಿಕ್ಕದೇ ಸುಲಭ ಅಲ್ವಾ? ಇಲ್ಲಿಯೇ ಹೊಸಬರು ಎಡವುತ್ತಾರೆ. ನಿಜದ ಹಡಗಿನಲ್ಲಿ 5 ಸೆಂಟಿಮೀಟರ್ ದಪ್ಪ ಇರುವ ಒಂದು ಕಟಕಟೆ 1:48ರಲ್ಲಿ 1 ಮಿಲಿಮೀಟರ್, 1:96ರಲ್ಲಿ ಅರ್ಧ ಮಿಲಿಮೀಟರ್. ಅಷ್ಟು ತೆಳ್ಳಗಿನ ಮರ ಬೆರಳು ತಾಗಿದರೆ ಮುರಿಯುತ್ತದೆ. ಅಳತೆ ಕುಗ್ಗಿದಷ್ಟೂ ಮರ ಕಡಿಮೆ ಸಾಕು, ತಾಳ್ಮೆ ಜಾಸ್ತಿ ಬೇಕು. ಆದ್ದರಿಂದ ಮೊದಲ ಸಲಕ್ಕೆ ಚಿಕ್ಕ ಹಡಗನ್ನು ದೊಡ್ಡ ಅಳತೆಯಲ್ಲಿ ಕಟ್ಟುವುದು ಒಳ್ಳೆಯದು. ದೊಡ್ಡ ಹಡಗನ್ನು ಚಿಕ್ಕ ಅಳತೆಗೆ ಇಳಿಸುವುದು ಅದಕ್ಕಿಂತ ಬಹಳ ಕಷ್ಟ.

## ನಕ್ಷೆಯ ಮೂರು ಮುಖ

ಹಡಗಿನ ನಕ್ಷೆ ಮೊದಲ ನೋಟಕ್ಕೆ ಗೆರೆಗಳ ಗೋಜಲು. ಆದರೆ ಅದರಲ್ಲಿ ಇರುವುದು ಮೂರೇ ಚಿತ್ರ. ಒಂದೇ ಮೈಯನ್ನು ಪಕ್ಕದಿಂದ, ಮೇಲಿನಿಂದ, ಎದುರಿನಿಂದ ನೋಡಿದ್ದು.

ಒಂದು ಸೌತೆಕಾಯಿಯನ್ನು ನೆನೆಸಿಕೊಳ್ಳಿ. ಅದನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದರೆ ಒಂದೊಂದು ಬಿಲ್ಲೆಯ ಅಂಚೂ ಆ ಜಾಗದಲ್ಲಿ ಕಾಯಿ ಎಷ್ಟು ದಪ್ಪ ಇತ್ತು ಅಂತ ಹೇಳುತ್ತದೆ. ಎದುರಿನಿಂದ ನೋಡಿದ ಚಿತ್ರದಲ್ಲಿ ಇರುವುದು ಇಂಥ ಬಿಲ್ಲೆಗಳ ಅಂಚುಗಳೇ. ಮುಂದೆ ಪಕ್ಕೆಲುಬುಗಳ ಆಕಾರ ಸಿಗುವುದು ಇಲ್ಲಿಂದ. ಅದೇ ಕಾಯಿಯನ್ನು ಮಲಗಿಸಿ ಪದರಪದರವಾಗಿ ಉದ್ದಕ್ಕೆ ಸೀಳಿದರೆ ಮೇಲಿನ ನೋಟದ ಗೆರೆಗಳು ಬರುತ್ತವೆ. ಇವನ್ನು ನೀರಿನ ಗೆರೆ ಅನ್ನುತ್ತಾರೆ. ಹಡಗು ಸ್ವಲ್ಪಸ್ವಲ್ಪವೇ ಮುಳುಗುತ್ತಾ ಹೋದರೆ ಪ್ರತಿ ಮಟ್ಟದಲ್ಲೂ ನೀರು ಅದರ ಮೈಗೆ ತಾಗುವ ಗೆರೆ ಅದು. ಭೂಪಟದಲ್ಲಿ ಬೆಟ್ಟದ ಎತ್ತರ ತೋರಿಸುವ ಸುತ್ತುಗೆರೆಗಳೂ ಇದೇ ಲೆಕ್ಕದವು.

ನಕ್ಷೆಯಲ್ಲಿ ಅರ್ಧ ಹಡಗು ಮಾತ್ರ ಇರುವುದನ್ನು ಕಂಡು ಕೆಲವರಿಗೆ ಗಲಿಬಿಲಿಯಾಗುತ್ತದೆ. ಎಡ ಬಲ ಎರಡೂ ಒಂದೇ ಆಗಿರುವುದರಿಂದ ಅರ್ಧ ಬರೆದರೆ ಸಾಕು. ಎದುರಿನ ನೋಟದಲ್ಲಂತೂ ಸಾಮಾನ್ಯವಾಗಿ ಬಲಗಡೆ ಹಡಗಿನ ಮುಂಭಾಗದ ಬಿಲ್ಲೆಗಳು, ಎಡಗಡೆ ಹಿಂಭಾಗದವು ಇರುತ್ತವೆ.

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಬೇಕು. ಒಂದು, ನಕಲು ಯಂತ್ರ ಹಾಳೆಯನ್ನು ಒಂದು ದಿಕ್ಕಿಗೆ ಕೂದಲೆಳೆಯಷ್ಟು ಹಿಗ್ಗಿಸಬಹುದು. ಹಾಗಾಗಿ ಉದ್ದಕ್ಕೂ ಅಡ್ಡಕ್ಕೂ ಅಳೆದು ನೋಡದೆ ಮರಕ್ಕೆ ಗರಗಸ ಹಚ್ಚಬೇಡಿ. ಎರಡನೆಯದು ಇನ್ನೂ ಮುಖ್ಯ. ನಕ್ಷೆಯ ಗೆರೆ ಹಲಗೆಯ ಹೊರಮೈಯೋ, ಅಥವಾ ಹಲಗೆ ಹೊದಿಸುವ ಮುಂಚಿನ ಪಕ್ಕೆಲುಬಿನ ಅಂಚೋ? ಎರಡೂ ಬಗೆಯ ನಕ್ಷೆಗಳು ಇವೆ. ಹೊರಮೈಯ ಗೆರೆಗೆ ಪಕ್ಕೆಲುಬು ಕತ್ತರಿಸಿ, ಅದರ ಮೇಲೆ 1.5 ಮಿಲಿಮೀಟರ್ ಹಲಗೆ ಹೊದಿಸಿದಿರಿ ಅಂದುಕೊಳ್ಳಿ. ಎರಡೂ ಕಡೆ ಸೇರಿ 3 ಮಿಲಿಮೀಟರ್ ಜಾಸ್ತಿಯಾಯಿತು. 1:48ರ ಲೆಕ್ಕದಲ್ಲಿ ನಿಜದ ಹಡಗು 14 ಸೆಂಟಿಮೀಟರಿಗೂ ಹೆಚ್ಚು ದಪ್ಪಗಾದ ಹಾಗೆ.

## ಒಡಲು ಕಟ್ಟುವ ದಾರಿಗಳು

ಹಳೆಯ ಸರಳ ದಾರಿ ಅಂದರೆ ಇಡೀ ದಿಮ್ಮಿಯನ್ನು ಹೊರಗಿನಿಂದ ತಾಸುವುದು. ಚಿಕ್ಕ ಮಾದರಿಗೆ ಸರಿ, ದೊಡ್ಡದಾದರೆ ದಿಮ್ಮಿ ಒಣಗುತ್ತಾ ಬಿರುಕು ಬಿಡುವ ಭಯ ಇದೆ.

ಇನ್ನೊಂದು ದಾರಿಯಲ್ಲಿ ನೀರಿನ ಗೆರೆಗಳ ಆಕಾರಕ್ಕೆ ಹಲಗೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಅಂಚುಗಳನ್ನು ಉಜ್ಜಿ ನಯ ಮಾಡುತ್ತಾರೆ. ಇದರ ಹಿಂದೆ ಒಂದು ಚಂದದ ಚರಿತ್ರೆ ಇದೆ. 19ನೇ ಶತಮಾನದ ಅಮೆರಿಕದ ಹಡಗುಕಟ್ಟೆಗಳಲ್ಲಿ ಎಷ್ಟೋ ಸಲ ಮೊದಲು ತಯಾರಾಗುತ್ತಿದ್ದದ್ದು ಇಂಥ ಪದರಗಳ ಅರ್ಧ ಮಾದರಿ, ನಕ್ಷೆ ಆಮೇಲೆ. ಕಟ್ಟುವವನು ಮಾದರಿಯನ್ನು ಕಣ್ಣಿಗೆ, ಕೈಗೆ ಒಪ್ಪುವ ತನಕ ತಾಸಿ, ಆಮೇಲೆ ಪದರಗಳನ್ನು ಬಿಚ್ಚಿ ಅಳೆದು, ಅದನ್ನೇ ದೊಡ್ಡದು ಮಾಡಿ ಹಡಗು ಕಟ್ಟುತ್ತಿದ್ದ.

ಇವತ್ತು ಹೆಚ್ಚಿನ ಹೊಸಬರು ಹಿಡಿಯುವುದು ಅಡ್ಡಗೋಡೆಯ ದಾರಿ. ನಡುವೆ ಉದ್ದಕ್ಕೆ ಒಂದು ಬೆನ್ನುಹಲಗೆ, ಅದಕ್ಕೆ ಅಡ್ಡಡ್ಡ ಕಚ್ಚು ಹಾಕಿ ಸಿಕ್ಕಿಸಿದ ಹತ್ತಿಪ್ಪತ್ತು ಪ್ಲೈವುಡ್ ಬಿಲ್ಲೆಗಳು. ಬಿಲ್ಲೆಗಳ ಸುತ್ತ ಹಲಗೆ ಹೊದಿಸಿದರೆ ಹಡಗಿನ ಮೈ ಬರುತ್ತದೆ. ಒಳಗಿನ ರಚನೆ ನಿಜದ ಹಡಗಿನ ಹಾಗೆ ಇರುವುದಿಲ್ಲ, ಆದರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು, ನಿಜದ ಪಕ್ಕೆಲುಬುಗಳ ದಾರಿ. ಕೀಲ್ ಅನ್ನುವ ಅಡಿಮರವನ್ನು ಇಟ್ಟು ಅದರ ಮೇಲೆ ಒತ್ತೊತ್ತಾಗಿ ಹತ್ತಾರು ಪಕ್ಕೆಲುಬುಗಳನ್ನು ನಿಲ್ಲಿಸಬೇಕು. ಒಂದೊಂದು ಪಕ್ಕೆಲುಬನ್ನೂ ಹಲವು ತುಂಡುಗಳಿಂದ ಜೋಡಿಸಬೇಕು. ಯಾಕೆ, ಒಂದೇ ಹಲಗೆಯಿಂದ ಕತ್ತರಿಸಿದರೆ ಆಗದಾ? ಮರದ ನಾರು ನೇರವಾಗಿ ಓಡುತ್ತದೆ. ಅರ್ಧಚಂದ್ರದ ಆಕಾರವನ್ನು ಒಂದೇ ಹಲಗೆಯಲ್ಲಿ ಕತ್ತರಿಸಿದರೆ ಅದರ ಒಂದು ಭಾಗದಲ್ಲಿ ನಾರು ಉದ್ದಕ್ಕೆ ಇರುತ್ತದೆ, ಇನ್ನೊಂದು ಭಾಗದಲ್ಲಿ ಅಡ್ಡಕ್ಕೆ ತುಂಡಾಗಿರುತ್ತದೆ. ಆ ಅಡ್ಡ ನಾರಿನ ಜಾಗದಲ್ಲಿ ಅದು ಬಿಸ್ಕತ್ತಿನ ಹಾಗೆ ಪಟ್ಟನೆ ಮುರಿಯುತ್ತದೆ. ಚಿಕ್ಕ ತುಂಡುಗಳನ್ನು ಜೋಡಿಸಿದರೆ ಪ್ರತಿ ತುಂಡಿನಲ್ಲೂ ನಾರು ಬಾಗಿನ ಜೊತೆಗೇ ಹೋಗುವಂತೆ ನೋಡಿಕೊಳ್ಳಬಹುದು. ನಿಜದ ಹಡಗು ಕಟ್ಟುವವರಿಗೂ ಇದೇ ಸಮಸ್ಯೆ ಇತ್ತು. ಹಾಗಾಗಿಯೇ ಅವರು ಕಾಡಿನಲ್ಲಿ ಹುಟ್ಟಿನಿಂದಲೇ ಬಾಗಿ ಬೆಳೆದ ಮರಗಳನ್ನು ಹುಡುಕುತ್ತಿದ್ದರು.

17ನೇ ಶತಮಾನದ ನಡುವಿನಿಂದ ಇಂಗ್ಲೆಂಡಿನಲ್ಲಿ ನೌಕಾಪಡೆಯ ಹಡಗುಗಳ ಮಾದರಿಗಳನ್ನು ಹೀಗೆ ಪಕ್ಕೆಲುಬು ಕಾಣುವಂತೆ, ಕೆಳಗೆ ಹಲಗೆ ಹೊದಿಸದೆ ಕಟ್ಟುವ ರೂಢಿ ಬಂತು. ಆಗ ನೌಕಾಪಡೆಯ ಹಡಗುಗಳನ್ನು ಕಟ್ಟಿಸುತ್ತಿದ್ದ ಮಂಡಳಿಯ ಹೆಸರಿನಿಂದ ಅವುಗಳನ್ನು ನೇವಿ ಬೋರ್ಡ್ ಮಾದರಿಗಳು ಅನ್ನುತ್ತಾರೆ. ಗ್ರಿನಿಚ್‌ನ ರಾಷ್ಟ್ರೀಯ ಸಾಗರ ಸಂಗ್ರಹಾಲಯದಲ್ಲೂ, ಅಮೆರಿಕದ ಅನಾಪೊಲಿಸ್‌ನ ನೌಕಾ ಅಕಾಡೆಮಿಯ ಸಂಗ್ರಹಾಲಯದಲ್ಲೂ ಅವು ಇವೆ. ಮುನ್ನೂರು ವರ್ಷ ದಾಟಿದ ಮೇಲೂ ಅವುಗಳ ಬಾಗು ಹಾಗೇ ಉಳಿದಿದೆ. ಈಗಿನ ಕಟ್ಟುವವರಿಗೆ ಗುರಿ ಅಂತ ಒಂದಿದ್ದರೆ ಅದು ಅವೇ.

## ಯಾವ ಮರ?

ನಿಜದ ಹಡಗು ಓಕ್ ಮರದ್ದು ಅಂತ ಮಾದರಿಗೂ ಓಕ್ ತಂದರೆ ಚೆನ್ನಾಗಿರುವುದಿಲ್ಲ. ಅಳತೆ ಕುಗ್ಗಿದರೂ ಮರದ ನಾರು, ರಂಧ್ರ ಕುಗ್ಗುವುದಿಲ್ಲ. 1:48ರಲ್ಲಿ ಓಕ್ ಮರದ ಒಂದು ರಂಧ್ರ ಹಲಗೆಗೆ ಬಿದ್ದ ದೊಡ್ಡ ಬಿರುಕಿನ ಹಾಗೆ ಕಾಣುತ್ತದೆ. ಹಾಗಾಗಿ ಬೇಕಾಗಿರುವುದು ನಾರು ಕಣ್ಣಿಗೆ ಕಾಣದಷ್ಟು ಒತ್ತಾಗಿರುವ, ಚೂಪಾದ ಅಂಚು ಹಿಡಿದುಕೊಳ್ಳುವ ಮರ. ಬಾಕ್ಸ್‌ವುಡ್ ಇದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ಪಿಯರ್, ಚೆರ್ರಿ, ಮೇಪಲ್ ಕೂಡ ಒಳ್ಳೆಯವು. ಡೆಕ್ಕಿಗೆ ಬಿಳಿಚಿಕೊಂಡಂತಿರುವ ‘ಹಾಲಿ’ ಅನ್ನುವ ಮರ ಅಥವಾ ಮೇಪಲ್ ಹೊಂದುತ್ತದೆ. ಬಾಸ್‌ವುಡ್ ಮೆತ್ತಗೆ, ಸುಲಭವಾಗಿ ಕತ್ತರಿಸಬಹುದು, ಕಲಿಯುವುದಕ್ಕೆ ಸರಿ. ಬಾಲ್ಸಾ ಮಾತ್ರ ಬೇಡ. ಉಗುರು ತಾಗಿದರೂ ಕುಳಿ ಬೀಳುತ್ತದೆ.

ಮರ ಸಾಕಷ್ಟು ಒಣಗಿರಬೇಕು. ಗಾಳಿಯ ತೇವ ಏರಿಳಿದಾಗ ಮರ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಅಡ್ಡಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಹಲಗೆಗಳ ನಡುವೆ ವರ್ಷದ ಮೇಲೆ ಸೀಳು ಕಾಣಿಸಿಕೊಳ್ಳುವುದು ಇದರಿಂದಲೇ.

## ಹಲಗೆ ಹೊದಿಸುವುದು: ಇಡೀ ಕೆಲಸದ ಜೀವ

ಪಕ್ಕೆಲುಬು ನಿಂತ ಮೇಲೆ ನೇರ ಹಲಗೆ ಅಂಟಿಸಬಾರದು. ಮೊದಲು ಒಂದು ತೆಳ್ಳಗಿನ ಉದ್ದನೆಯ ಪಟ್ಟಿಯನ್ನು ಮುಂದಿನಿಂದ ಹಿಂದಕ್ಕೆ ಪಕ್ಕೆಲುಬುಗಳ ಮೇಲೆ ಒತ್ತಿ ಹಿಡಿಯಿರಿ. ಪಟ್ಟಿ ಎಲ್ಲ ಪಕ್ಕೆಲುಬಿಗೂ ಮೈತುಂಬ ತಾಗಬೇಕು. ಎಲ್ಲಾದರೂ ಉಬ್ಬಿದರೆ ಆ ಪಕ್ಕೆಲುಬು ಎತ್ತರ, ಉಜ್ಜಬೇಕು. ಎಲ್ಲಾದರೂ ಬೆಳಕು ಕಂಡರೆ ಅಲ್ಲಿ ತಗ್ಗು, ತೆಳು ಮರ ಅಂಟಿಸಿ ತುಂಬಬೇಕು. ಮುಂಭಾಗದಲ್ಲಿ ಹಡಗು ಕಿರಿದಾಗುತ್ತಾ ಹೋಗುವುದರಿಂದ ಪಕ್ಕೆಲುಬಿನ ಅಂಚನ್ನು ಓರೆಯಾಗಿ ಉಜ್ಜಲೇಬೇಕು. ಇಲ್ಲದಿದ್ದರೆ ಹಲಗೆ ಅದರ ಒಂದು ಮೂಲೆಯ ಮೇಲೆ ಮಾತ್ರ ಕೂರುತ್ತದೆ. ಇಲ್ಲಿ ಬಿಟ್ಟ ಅರ್ಧ ಮಿಲಿಮೀಟರ್ ತಪ್ಪು ಹಲಗೆ ಹೊದಿಸಿ, ಬಣ್ಣ ಹಚ್ಚಿ, ಬೆಳಕು ಬಿದ್ದಾಗ ಮೈಯಲ್ಲಿ ತಗ್ಗಾಗಿ ಎದ್ದು ಕಾಣುತ್ತದೆ. ಈ ಹಂತಕ್ಕೆ ಒಂದು ವಾರ ಹೋದರೂ ಹೋಗಲಿ.

ಈಗ ಹಲಗೆ. ಒಂದು ಕಿತ್ತಳೆಯ ಸಿಪ್ಪೆಯನ್ನು ಸುಲಿದು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ ನೋಡಿ. ಅಂಚುಗಳಲ್ಲಿ ಹರಿಯುತ್ತದೆ, ಅಲ್ವಾ? ಉಬ್ಬಿದ ಮೈಯನ್ನು ಚಪ್ಪಟೆ ವಸ್ತುವಿನಿಂದ ಮುಚ್ಚಬೇಕಾದರೆ ಅಗಲ ಎಲ್ಲ ಕಡೆ ಒಂದೇ ಇರಲು ಸಾಧ್ಯವಿಲ್ಲ. ಕೊಡೆಯ ಬಟ್ಟೆಯ ಪಟ್ಟಿಗಳು ತುದಿಗೆ ಹೋಗುತ್ತಾ ಕಿರಿದಾಗುವುದು ಈ ಕಾರಣಕ್ಕೇ. ಹಡಗಿನ ಹಲಗೆಗಳೂ ಹಾಗೆಯೇ.

ಲೆಕ್ಕ ಹೀಗಿದೆ. ನಡುಹಡಗಿನಲ್ಲಿ ಕೀಲ್‌ನಿಂದ ಮೇಲಂಚಿನವರೆಗೆ ಮೈಯ ಸುತ್ತಳತೆ 120 ಮಿಲಿಮೀಟರ್, ಹಲಗೆಯ ಅಗಲ 6 ಮಿಲಿಮೀಟರ್ ಅಂದುಕೊಳ್ಳಿ. ಅಲ್ಲಿಗೆ 20 ಹಲಗೆ. ಅದೇ ಸುತ್ತಳತೆ ಮೂತಿಯ ಹತ್ತಿರ 70 ಮಿಲಿಮೀಟರ್ ಇದ್ದರೆ, ಅದೇ 20 ಹಲಗೆ ಅಲ್ಲಿ ಹಿಡಿಯಬೇಕಾದರೆ ಒಂದೊಂದೂ 3.5 ಮಿಲಿಮೀಟರಿಗೆ ಇಳಿಯಬೇಕು. ಅಂದರೆ ಪ್ರತಿ ಹಲಗೆಯನ್ನೂ ಮುಂದಕ್ಕೆ ಹೋಗುತ್ತಾ ಸಣ್ಣ ಮಾಡಬೇಕು. ಅರ್ಧಕ್ಕಿಂತ ಕಡಿಮೆಗೆ ಇಳಿಸಬಾರದು ಅನ್ನುವುದು ಕಟ್ಟುವವರ ರೂಢಿ. ನಿಜದ ಹಡಗಿನಲ್ಲಿ ಅಷ್ಟು ಕಿರಿದಾದ ತುದಿಗೆ ಮೊಳೆ ಹೊಡೆದರೆ ಸೀಳಿಬಿಡುತ್ತಿತ್ತು. ಅಷ್ಟು ಜಾಗ ಇಲ್ಲದಿದ್ದರೆ ಎರಡು ಹಲಗೆಗಳನ್ನು ಮುಂದೆ ಒಂದಾಗಿ ಸೇರಿಸುತ್ತಾರೆ. ಹಿಂಭಾಗದಲ್ಲಿ ಮೈ ಅಗಲವಾದರೆ ನಡುವೆ ಒಂದು ಹೆಚ್ಚಿನ ತುಂಡು ಸೇರಿಸುತ್ತಾರೆ.

ಇನ್ನೊಂದು ತೊಡಕು ಇದೆ. ಒಂದು ಪ್ಲಾಸ್ಟಿಕ್ ಅಡಿಪಟ್ಟಿಯನ್ನು ಮೇಲೆ ಕೆಳಗೆ ಬಾಗಿಸಿ, ಸುಲಭವಾಗಿ ಬಾಗುತ್ತದೆ. ಮೇಜಿನ ಮೇಲೆ ಮಲಗಿಸಿ ಅಂಚಿನ ದಿಕ್ಕಿಗೆ ಬಾಗಿಸಲು ನೋಡಿ, ಜಗ್ಗುವುದಿಲ್ಲ. ಹಲಗೆಯದೂ ಅದೇ ಗುಣ. ಆದರೆ ಹಡಗಿನ ಮೂತಿಯ ಹತ್ತಿರ ಅದು ಎರಡೂ ದಿಕ್ಕಿಗೆ ಬಾಗಬೇಕು. ಬಲವಂತ ಮಾಡಿದರೆ ಒಂದು ಅಂಚು ಎದ್ದು ನಿಲ್ಲುತ್ತದೆ. ಇದಕ್ಕೆ ದರ್ಜಿಯ ಉಪಾಯವೇ ಉಪಾಯ. ಖಾಲಿ ಜಾಗದ ಮೇಲೆ ಕಾಗದ ಇಟ್ಟು ಆಕಾರ ತೆಗೆದುಕೊಂಡು, ಅಗಲವಾದ ಮರದ ಹಾಳೆಯಿಂದ ಆ ಬಾಗಿದ ಆಕಾರವನ್ನೇ ಕತ್ತರಿಸುವುದು. ಮರ ಜಾಸ್ತಿ ಹಾಳಾಗುತ್ತದೆ, ನಿಜ. ಆದರೆ ಹಲಗೆ ಯಾವ ಒತ್ತಡವೂ ಇಲ್ಲದೆ ತನ್ನ ಜಾಗದಲ್ಲಿ ಮಲಗುತ್ತದೆ.

ಚಪ್ಪಟೆ ದಿಕ್ಕಿನ ಬಾಗಿಗೆ ಬಿಸಿ ಸಾಕು. ಮರವನ್ನು ನೆನೆಸಿದರೆ ಬಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ, ಆದರೆ ಹೆಚ್ಚಿನ ಕೆಲಸ ಮಾಡುವುದು ಬಿಸಿ. ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ವಸ್ತು ಬಿಸಿಗೆ ಮೆತ್ತಗಾಗುತ್ತದೆ, ತಣ್ಣಗಾದಾಗ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಹಲಗೆಯನ್ನು ಒದ್ದೆ ಮಾಡಿ, ಬಿಸಿ ತಾಗಿಸಿ ಬಾಗಿಸಿ, ಜಾಗದಲ್ಲಿ ಕ್ಲಾಂಪ್ ಹಾಕಿ, ಪೂರ್ತಿ ಒಣಗಿದ ಮೇಲೆ ಅಂಟಿಸಬೇಕು. ಒದ್ದೆ ಹಲಗೆಯನ್ನೇ ಅಂಟಿಸಿದರೆ ಒಣಗಿ ಕುಗ್ಗಿದಾಗ ಸಂದು ಬಿಡುತ್ತದೆ. ಎಡಕ್ಕೆ ಒಂದು ಹಲಗೆ ಹಾಕಿದರೆ ಬಲಕ್ಕೆ ಒಂದು, ಹೀಗೆ ಸರದಿಯಲ್ಲಿ ಹೊದಿಸಿ. ಒಂದೇ ಕಡೆ ಹೊದಿಸುತ್ತಾ ಹೋದರೆ ಇಡೀ ಒಡಲು ತಿರುಚಿಕೊಳ್ಳುತ್ತದೆ.

ನಿಜದ ಹಡಗಿನಲ್ಲಿ ಹಲಗೆಗಳ ಸಂದಿಗೆ ಹಳೆಯ ಹಗ್ಗದ ನಾರನ್ನು ತುರುಕಿ ಮೇಲೆ ಡಾಂಬರು ಹೊಯ್ಯುತ್ತಿದ್ದರು. ಮಾದರಿಯಲ್ಲಿ ಹಲಗೆಯ ಅಂಚಿಗೆ ಪೆನ್ಸಿಲ್ ಸೀಸ ಎಳೆದರೆ ಆ ಕಪ್ಪು ಗೆರೆ ಬಂದುಬಿಡುತ್ತದೆ. ಹಲಗೆಯನ್ನು ಹಿಡಿದಿಡುವ ಮರದ ಮೊಳೆಗಳದ್ದು ಇನ್ನೂ ಸೂಕ್ಷ್ಮ. ನಿಜದಲ್ಲಿ 4 ಸೆಂಟಿಮೀಟರ್ ದಪ್ಪ ಇದ್ದದ್ದು 1:48ರಲ್ಲಿ 0.8 ಮಿಲಿಮೀಟರ್. ಅವನ್ನು ಮಾಡಲು ಬಳಸುವ ಉಕ್ಕಿನ ತಗಡಿನಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂತುಗಳಿರುತ್ತವೆ. ಬಿದಿರಿನ ಕಡ್ಡಿಯನ್ನು ಒಂದೊಂದಾಗಿ ಆ ತೂತುಗಳಲ್ಲಿ ಎಳೆದು ಸಣ್ಣ ಮಾಡುತ್ತಾರೆ.

## ಕಂಬ ಮತ್ತು ಹಗ್ಗ

ಹಾಯಿಕಂಬ ಮಾಡಲು ದುಂಡನೆಯ ಕೋಲು ತರುವುದಕ್ಕಿಂತ ಚೌಕದ ಕಡ್ಡಿಯಿಂದ ಶುರು ಮಾಡುವುದು ಮೇಲು. ಚೌಕದಲ್ಲೇ ತುದಿಯನ್ನು ಸಣ್ಣ ಮಾಡಿ, ಆಮೇಲೆ ನಾಲ್ಕು ಮೂಲೆ ತೆಗೆದು ಎಂಟು ಮುಖ, ಮತ್ತೆ ಹದಿನಾರು, ಕೊನೆಗೆ ಉಜ್ಜಿದರೆ ದುಂಡು. ಎಂಟು ಮುಖ ಸಮ ಬರಬೇಕಾದರೆ ಚೌಕದ ಅಗಲವನ್ನು 7, 10, 7 ಎಂಬ ಪಾಲಿನಲ್ಲಿ ಗೆರೆ ಎಳೆದು ಅಲ್ಲಿವರೆಗೆ ಮೂಲೆ ತಾಸಬೇಕು. ನಿಜದ ಕಂಬ ಮಾಡುವವರ ಲೆಕ್ಕವೂ ಇದೇ.

ಹಗ್ಗ ಎರಡು ಬಗೆ. ಕಂಬವನ್ನು ಬೀಳದಂತೆ ಹಿಡಿದಿಡುವವು ಯಾವಾಗಲೂ ಬಿಗಿಯಾಗಿರುತ್ತವೆ. ಮಳೆಗಾಳಿಗೆ ಕೆಡದಂತೆ ಡಾಂಬರು ಹಚ್ಚುತ್ತಿದ್ದುದರಿಂದ ಅವು ಕಪ್ಪಗೆ. ಹಾಯಿಯನ್ನು ಏರಿಸಿ ಇಳಿಸಿ ತಿರುಗಿಸುವವು ರಾಟೆಗಳ ಮೂಲಕ ಓಡುತ್ತವೆ, ಅವುಗಳ ಬಣ್ಣ ತಿಳಿ. ಮಾದರಿಯಲ್ಲಿ ಈ ಬಣ್ಣದ ವ್ಯತ್ಯಾಸ ತೋರಿಸಿದರೆ ಯಾವ ಹಗ್ಗ ಏನು ಮಾಡುತ್ತದೆ ಅಂತ ನೋಡುವವರಿಗೆ ತಾನಾಗಿಯೇ ಗೊತ್ತಾಗುತ್ತದೆ.

ಇಲ್ಲಿ ಬಹಳ ಜನ ಬೀಳುವ ಒಂದು ಗುಂಡಿ ಇದೆ. ಹಳೆಯ ದಾಖಲೆಗಳಲ್ಲಿ ‘10 ಇಂಚಿನ ಹಗ್ಗ’ ಅಂದರೆ ಅದು ಹಗ್ಗದ ಸುತ್ತಳತೆ. ಅಡ್ಡಳತೆ ಬೇಕಾದರೆ 3.14ರಿಂದ ಭಾಗಿಸಬೇಕು. ಅಂದರೆ ಸುಮಾರು 8 ಸೆಂಟಿಮೀಟರ್ ದಪ್ಪ, 1:48ರಲ್ಲಿ 1.7 ಮಿಲಿಮೀಟರ್. ಇದು ಗೊತ್ತಿಲ್ಲದೆ 10 ಇಂಚನ್ನೇ ದಪ್ಪ ಅಂದುಕೊಂಡರೆ ಹಗ್ಗ ಮೂರು ಪಟ್ಟು ದಪ್ಪಗಾಗುತ್ತದೆ.

ಹಾಯಿಕಂಬದ ಪಕ್ಕದ ಹಗ್ಗಗಳಿಗೆ ನಾವಿಕರು ಹತ್ತಲು ಅಡ್ಡ ಹಗ್ಗ ಕಟ್ಟಿ ಏಣಿ ಮಾಡಿರುತ್ತಾರೆ. 1:48ರಲ್ಲಿ ಅವುಗಳ ನಡುವಿನ ಅಂತರ 7ರಿಂದ 8 ಮಿಲಿಮೀಟರ್. ಹಗ್ಗ ಹಗ್ಗ ದಾಟುವ ಪ್ರತಿ ಜಾಗದಲ್ಲೂ ಒಂದು ಗಂಟು. ಮೂರು ಕಂಬದ ಹಡಗಿನಲ್ಲಿ ಸಾವಿರಾರು. ವಿಕ್ಟರಿಯಲ್ಲಿ ಒಟ್ಟು ಸುಮಾರು 42 ಕಿಲೋಮೀಟರ್ ಹಗ್ಗ ಇತ್ತು ಅನ್ನುತ್ತಾರೆ. ಅದೆಲ್ಲವನ್ನೂ 1:48ರಲ್ಲಿ ತೋರಿಸಿದರೆ 870 ಮೀಟರಿಗೂ ಹೆಚ್ಚು ದಾರ ಬೇಕು. ದೊಡ್ಡ ಮಾದರಿಗಳಿಗೆ ವರ್ಷಗಟ್ಟಲೆ ಹಿಡಿಯುವುದು ಯಾಕೆ ಅಂತ ಈಗ ಗೊತ್ತಾಗಿರಬೇಕು. ಬಟ್ಟೆಯ ನೇಯ್ಗೆಯನ್ನು ಅಳತೆಗೆ ಇಳಿಸುವುದು ಕಷ್ಟ, ಹಾಗಾಗಿ ಹಾಯಿ ಕಟ್ಟದೆ ಬರೀ ಕಂಬ ಹಗ್ಗಗಳಲ್ಲೇ ಮುಗಿಸುವವರು ಬಹಳ. ಅದು ಕೊರತೆಯೇನೂ ಅಲ್ಲ.

## ಧೂಳು ಮತ್ತು ಸೀಸ

ಉಪಕರಣಗಳ ಪಟ್ಟಿ ದೊಡ್ಡದೇನಲ್ಲ. ಚೂಪಾದ ಚಾಕು, ಸಣ್ಣ ಹಲ್ಲಿನ ಗರಗಸ, ಅರಗಳು, ಸ್ಯಾಂಡ್‌ಪೇಪರ್, ಬೆರಳಲ್ಲಿ ತಿರುಗಿಸುವ ಸಣ್ಣ ಡ್ರಿಲ್, ಚಿಮಟ, ಆದಷ್ಟು ಕ್ಲಾಂಪ್‌ಗಳು. ಮರಕ್ಕೆ ಬಿಳಿ ಅಂಟು ಸಾಕು. ಅದು ನಿಧಾನವಾಗಿ ಒಣಗುವುದರಿಂದ ತಪ್ಪಿದರೆ ತಿದ್ದಿಕೊಳ್ಳಲು ಸಮಯ ಇರುತ್ತದೆ.

ಆದರೆ ಮುಖಗವಸು ಮರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಹಡಗಿನ ಮೈ ಉಜ್ಜುವಾಗ ಏಳುವುದು ಬಹಳ ಸಣ್ಣ ಧೂಳು, ಗಂಟೆಗಟ್ಟಲೆ.

ಇನ್ನೊಂದು ಅಷ್ಟಾಗಿ ತಿಳಿಯದ ಅಪಾಯ ಮಾದರಿಗೇ ಇದೆ. ಫಿರಂಗಿ, ಲಂಗರುಗಳನ್ನು ಸೀಸದಲ್ಲಿ ಎರಕ ಹೊಯ್ದರೆ ಸುಲಭ. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಮರದಿಂದ, ಅದರಲ್ಲೂ ಓಕ್‌ನಿಂದ, ಆಮ್ಲದ ಆವಿ ಹೊರಬರುತ್ತಿರುತ್ತದೆ. ಅದು ತಾಗಿ ಸೀಸ ನಿಧಾನವಾಗಿ ಬಿಳಿ ಪುಡಿಯಾಗುತ್ತದೆ. ಸಂಗ್ರಹಾಲಯಗಳಲ್ಲಿ ಹೀಗೆ ಹಾಳಾದ ಮಾದರಿಗಳಿವೆ. ಹಿತ್ತಾಳೆ ಅಥವಾ ಮರವನ್ನೇ ಬಳಸಿ, ಗಾಜಿನ ಪೆಟ್ಟಿಗೆಗೆ ಗಾಳಿಯಾಡಲು ಸಣ್ಣ ತೂತು ಬಿಡಿ, ನೇರ ಬಿಸಿಲು ತಾಗದ ಕಡೆ ಇಡಿ.

## ಎಲ್ಲಿಂದ ಶುರು?

ಮೂರು ಕಂಬದ ಯುದ್ಧನೌಕೆಯಿಂದ ಶುರು ಮಾಡಬೇಡಿ. ಹಡಗುಗಳು ತಮ್ಮ ಜೊತೆ ಒಯ್ಯುತ್ತಿದ್ದ ತೆರೆದ ದೋಣಿ ಒಂದನ್ನು ಆರಿಸಿಕೊಳ್ಳಿ. 7 ಮೀಟರ್ ಉದ್ದದ್ದು 1:24ರಲ್ಲಿ 29 ಸೆಂಟಿಮೀಟರ್ ಆಗುತ್ತದೆ. ಒಂದೇ ಕಂಬ, ಹತ್ತಾರು ಹಗ್ಗ. ಆದರೂ ಕೀಲ್, ಪಕ್ಕೆಲುಬು, ಬಾಗಿದ ಹಲಗೆ, ಸಣ್ಣದಾಗುವ ತುದಿ, ಎಲ್ಲವೂ ಇದೆ. ದೊಡ್ಡ ಹಡಗಿನ ಹೆಚ್ಚಿನ ಪಾಠಗಳನ್ನು ಈ ದೋಣಿಯೇ ಕಲಿಸುತ್ತದೆ.

ಮೊದಲ ದಿನ ಮರ ಮುಟ್ಟುವುದೇ ಬೇಡ. ನಕ್ಷೆಯನ್ನು ಹರಡಿ, ನಡುವಿನ ಒಂದು ಪಕ್ಕೆಲುಬನ್ನು ರಟ್ಟಿನಲ್ಲಿ ಕತ್ತರಿಸಿ. ಅದರ ಅಗಲವನ್ನು ಎದುರಿನ ನೋಟದಲ್ಲಿ ಅಳೆಯಿರಿ, ಮೇಲಿನ ನೋಟದಲ್ಲಿ ಅದೇ ಜಾಗದಲ್ಲಿ ಅಳೆಯಿರಿ. ಎತ್ತರವನ್ನು ಪಕ್ಕದ ನೋಟದ ಜೊತೆ ಹೋಲಿಸಿ. ಮೂರೂ ಒಂದಕ್ಕೊಂದು ಹೊಂದಿದರೆ ಮಾರನೆಯ ದಿನ ಗರಗಸ ತೆಗೆಯಬಹುದು.